ಮೂರು ಹೆಜ್ಜೆಯ ತಲೆ

"ತಾಟು ತೊಳದು ಕುಡದ್ರ ಹೊಟ್ಟಿ ತುಂಬತೈತೇನು? ಒಂದು ವರ್ಷದಿಂದ ಆಕಿ ಬರೇ ತಾಟು ತೊಳದ ನೀರು ಕುಡ್ಯಾಕತ್ತಾಳ. ನೀ ಅದನ್ನ ನೋಡಿ ಕೈ ಮುಗ್ಯಾಕತ್ತಿ."

"ಬಾಯಿ ಸಣ್ಣ ಮಾಡು ಈರಾ. ಮನ್ಯಾಗ ಮಂದಿ ಕುಂತಾರ."

"ಕುಂತಾರಲ್ಲ, ಕೇಳ್ಲಿ. ನನ್ನ ಮಗಳು ಶರಣಿ ಅಲ್ಲ, ದೇವಿ ಅಲ್ಲ. ಹಸಗೊಂಡು ಸಾಯಾಕತ್ತಾಳ. ನೀವೆಲ್ಲ ಆಕಿ ಕಾಲಿಗೆ ಬೀಳಾಕತ್ತೀರಿ."

ಈರಣ್ಣ ಹೀಗೆ ಅಕ್ಕನ ಮೇಲೆ ಹರಿಹಾಯುವಾಗ ಅವನ ಕೈಯಲ್ಲಿ ಗೋಣಿಚೀಲದಗಲದ ಆಸ್ಪತ್ರೆಯ ಒಂದು ಕಪ್ಪು ಸ್ಕ್ಯಾನ್ ಫಿಲ್ಮ್ ಇತ್ತು. ಕೈ ಬೀಸಿದಂತೆಲ್ಲ ಅದು ತಗಡಿನ ಹಾಗೆ ಸದ್ದು ಮಾಡುತ್ತಿತ್ತು. ದಾಸರಹಳ್ಳಿಯ ಆ ಬಾಡಿಗೆ ಮನೆಯ ನಡುಮನೆಯಲ್ಲಿ ಏಳೆಂಟು ಹೆಂಗಸರು ಸೋಮವಾರದ ವಚನ ಹಾಡಲು ಬಂದು ಕೂತಿದ್ದರು. ಹಾಡು ಅರ್ಧಕ್ಕೇ ನಿಂತುಹೋಗಿತ್ತು. ಅವರ ನಡುವೆ ಮಣೆಯ ಮೇಲೆ ಹದಿನೇಳು ವರ್ಷದ ನೀಲಾ, ಹಣೆತುಂಬ ವಿಭೂತಿ ಧರಿಸಿ, ಜಗಳ ತನ್ನದಲ್ಲ ಎನ್ನುವ ಹಾಗೆ ಸುಮ್ಮನೆ ಕೂತಿದ್ದಳು.

ಈರಣ್ಣ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದ. ಇದು ನನ್ನ ಮಗಳ ಮಿದುಳು, ನೋಡ್ರಿ, ಸೊರಗಿ ಸಣ್ಣದಾಗೈತಿ ಅಂದ. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಎದ್ದರು. ಕೊನೆಗೆ ಎದ್ದ ದೇವಕ್ಕ ಎಂಬವಳು ಹೊಸಲಿನ ಹತ್ತಿರ ನಿಂತು, ಮಗಳ ತಪಸ್ಸಿನ ಮೇಲೆ ಕಣ್ಣು ಹಾಕುವ ತಂದೆಯನ್ನು ಇವತ್ತೇ ಕಂಡದ್ದು ಎಂದು ಹೇಳಿಹೋದಳು. ಚನ್ನಬಸಮ್ಮ ತಮ್ಮನ ಮುಖವನ್ನೂ ನೋಡದೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ಈರಣ್ಣ ರಾಣೆಬೆನ್ನೂರು ಕಡೆಯವನು. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಡಿಗತನ ಕಲಿತು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಪೀಣ್ಯ ಎರಡನೇ ಹಂತದ ಒಂದು ಎರಕದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಸ್ತ್ರಿ. ಕಬ್ಬಿಣದಲ್ಲಿ ಆಗಬೇಕಾದ ಸಾಮಾನನ್ನು ಮೊದಲು ತೇಗದ ಮರದಲ್ಲಿ ಮಾಡಿಕೊಡುವುದು ಅವನ ಕೆಲಸ. ಆ ಮರದ ರೂಪವನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಬೀಳುತ್ತದೆ, ಅಚ್ಚಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ತಣ್ಣಗಾಗುವಾಗ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನ್ ಮಾಡುವವನು ಎಷ್ಟು ಕುಗ್ಗುತ್ತದೋ ಅಷ್ಟು ಮುಂಚೆಯೇ ದೊಡ್ಡದು ಮಾಡಬೇಕು. ಆ ಲೆಕ್ಕದಲ್ಲಿ ಈರಣ್ಣನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಕುಗ್ಗುವುದನ್ನು ಕಣ್ಣಳತೆಯಲ್ಲೇ ಹೇಳುವವನು, ಮನೆಯಲ್ಲಿ ಮಗಳು ಕುಗ್ಗಿದ್ದು ಒಂದು ವರ್ಷ ಕಾಣಲಿಲ್ಲ.

ಕಾಣದಿರುವುದಕ್ಕೆ ಕಾರಣ ತಾಟು. ಅವರ ಮನೆಯಲ್ಲಿ ಲಿಂಗಕ್ಕೆ ತೋರಿಸಿದ ಮೇಲೆ ತಾಟಿಗೆ ಬಿದ್ದದ್ದು ಅನ್ನವಲ್ಲ, ಪ್ರಸಾದ. ಒಂದಗುಳು ಬಿಡುವ ಹಾಗಿಲ್ಲ. ಉಂಡಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿಯಬೇಕು. ಬೇರೆಯವರ ಮನೆಯಾದರೆ ಮಕ್ಕಳು ಉಣ್ಣದೆ ಬಿಟ್ಟದ್ದು ತಟ್ಟೆಯಲ್ಲಿ ಉಳಿದು ತಾಯಿತಂದೆಗೆ ಗೊತ್ತಾಗುತ್ತದೆ. ಇಲ್ಲಿ ನೀಲಾ ಎರಡು ಬೆರಳಿನಷ್ಟು ಬಡಿಸಿಕೊಂಡು, ಅದನ್ನೇ ಅರ್ಧ ಗಂಟೆ ಉಂಡು, ತಾಟು ತೊಳೆದು ಕುಡಿದು ಎದ್ದರೆ ತಾಟು ಕನ್ನಡಿಯಂತಿರುತ್ತಿತ್ತು. ಆ ಕನ್ನಡಿ ನೋಡಿ ಈರಣ್ಣ, ಮಗಳು ಸೊಗಸಾಗಿ ಉಣ್ಣುತ್ತಾಳೆ, ನಮ್ಮವ್ವನ ಹಾಗೆ ಶಿಸ್ತು ಎಂದು ಹಿಗ್ಗುತ್ತಿದ್ದ. ಶ್ರಾವಣ ಸೋಮವಾರ ಉಪವಾಸ ಹಿಡಿದಳು, ಆಗಲೂ ಹಿಗ್ಗಿದ. ಶ್ರಾವಣ ಮುಗಿಯಿತು, ನೀಲಾಳ ಸೋಮವಾರ ಮುಗಿಯಲಿಲ್ಲ. ಸೋಮವಾರದ ಜೊತೆ ಗುರುವಾರ ಸೇರಿತು, ಆಮೇಲೆ ಹುಣ್ಣಿಮೆ, ಅಮಾವಾಸ್ಯೆ. ಕೇರಿಯ ಹೆಂಗಸರು ಈ ವಯಸ್ಸಿನಲ್ಲಿ ಇಂಥ ಭಕ್ತಿಯೇ ಎಂದು ಬೆರಗಾದರು. ಕಾಲಿಗೆರಗುವುದೂ ಶುರುವಾಯಿತು.

ಚನ್ನಬಸಮ್ಮನಿಗೆ ಅದು ಮೋಸವಾಗಿ ಕಾಣಲಿಲ್ಲ. ಅವಳೇ ಒಪ್ಪತ್ತಿನ ಊಟದವಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡಾಗಿನಿಂದ ದಿನಕ್ಕೆ ಒಂದೇ ಸಲ ಉಂಡು ಇಪ್ಪತ್ತೆರಡು ವರ್ಷ ಕಳೆದವಳು. ಈರಣ್ಣನ ಹೆಂಡತಿ ಮೂರು ವರ್ಷದ ನೀಲಾಳನ್ನು ಬಿಟ್ಟು ಸತ್ತಾಗ, ಒಂದು ಕೈಚೀಲ ಹಿಡಿದು ಬಂದು ಈ ಮನೆ ನಿಲ್ಲಿಸಿದವಳು. ಅವಳು ಎತ್ತಿ ಬೆಳೆಸಿದ ಹುಡುಗಿ ಅವಳ ದಾರಿಯನ್ನೇ ಹಿಡಿದರೆ, ಅದರಲ್ಲಿ ತಪ್ಪು ಹುಡುಕುವುದು ಅವಳಿಂದ ಆಗುವ ಮಾತಲ್ಲ.

ತೊಂಬತ್ತಾರನೇ ಇಸವಿಯ ಮಾಘದಲ್ಲಿ ಹುಡುಗಿ ಕಾಲೇಜಿನಲ್ಲಿ ಫಿಟ್ಸ್ ಬಂದು ಬಿದ್ದಳು. ನಗರದ ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರು. ಗಡ್ಡೆಯೇ ಇರಬೇಕು ಎಂದುಕೊಂಡೇ ಈರಣ್ಣ ಫಿಲ್ಮಿಗೆ ಕಾದು ನಿಂತಿದ್ದ. ಮಹಾಲಕ್ಷ್ಮಿ ಎಂಬ ಡಾಕ್ಟರು, ಅವನಿಗಿಂತ ಹತ್ತು ವರ್ಷ ಚಿಕ್ಕವರು, ಫಿಲ್ಮನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿ ಗಡ್ಡೆ ಇಲ್ಲ ಅಂದರು. ಈರಣ್ಣ ಕೈ ಮುಗಿದ. ಅವರ ಮಾತು ಮುಗಿದಿರಲಿಲ್ಲ.

"ನಡುವೆ ಈ ಕಪ್ಪು ಕಾಣ್ತಿದೆಯಲ್ಲ, ಇದು ನೀರು ತುಂಬಿರೋ ಪೊಳ್ಳು ಜಾಗ. ಎಲ್ಲರಿಗೂ ಇರುತ್ತೆ, ಇಷ್ಟು ದೊಡ್ಡದಿರಲ್ಲ. ಸುತ್ತ ಈ ಮಡಿಕೆಗಳ ಸಂದೂ ಅಗಲ ಆಗಿದೆ. ಹೆಸರು, ವಯಸ್ಸು ನೋಡದೆ ಇದ್ದಿದ್ರೆ ಎಪ್ಪತ್ತು ವರ್ಷದ ಅಜ್ಜಿ ಫಿಲ್ಮು ಅಂದ್ಕೊಳ್ತಿದ್ದೆ. ನಿಮ್ಮ ಮಗಳು ಊಟ ಮಾಡ್ತಿಲ್ಲ ಈರಣ್ಣನವರೇ. ಮಿದುಳು ಕುಗ್ಗಿದೆ."

ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ ಎಂದರು. ಇದು ಪರದೇಶದ ಹುಡುಗಿಯರ ಕಾಯಿಲೆ ಎಂದು ನಮ್ಮ ಪುಸ್ತಕಗಳಲ್ಲಿ ಬರೆದಿದ್ದಾರೆ, ಬರೆದವರು ದಾಸರಹಳ್ಳಿಗೆ ಬಂದಿರಲಿಲ್ಲ ಎಂದು ಒಣನಗೆ ನಕ್ಕರು. ಈರಣ್ಣನಿಗೆ ನಗು ಬರಲಿಲ್ಲ. ಕುಗ್ಗಿದೆ ಎನ್ನುವ ಒಂದೇ ಮಾತು ಕಿವಿಯಲ್ಲಿ ನಿಂತಿತ್ತು. ಅವನ ಕಸುಬಿನಲ್ಲಿ ಕುಗ್ಗಿದ್ದು ಮತ್ತೆ ಹಿಗ್ಗಿದ ಉದಾಹರಣೆಯೇ ಇಲ್ಲ. ಕಬ್ಬಿಣ ಕುಗ್ಗಿ ಅಳತೆ ತಪ್ಪಿದರೆ ಆ ಸಾಮಾನನ್ನು ಒಡೆದು ಕುಲುಮೆಗೆ ಹಾಕುತ್ತಾರೆ. ಅವನು ಡಾಕ್ಟರ ಮೇಲೇ ಕೂಗಾಡಿದ. ಉಣ್ಣದೆ ಹಟ ಮಾಡುವ ಹುಡುಗಿಗೆ ಎರಡು ಬಾರಿಸಿದರೆ ದಾರಿಗೆ ಬರುತ್ತಾಳೆ ಅಂದ. ಡಾಕ್ಟರು ಅವನು ಕೂಗಿ ಮುಗಿಸುವವರೆಗೆ ಕಾದರು.

"ಹೊಡೀಬೇಡಿ. ಹಟ ಅವಳದಲ್ಲ, ಹಸಿದ ಮಿದುಳಿನದು. ಮಿದುಳು ಸೊರಗಿದಷ್ಟೂ ಯೋಚನೆ ಗಟ್ಟಿ ಹಿಡಿಯುತ್ತೆ, ಒಂದೇ ಕಡೆ ಸುತ್ತುತ್ತೆ, ಊಟ ಬೇಡ ಅನ್ನುತ್ತೆ. ಬೇಡ ಅಂದಷ್ಟೂ ಇನ್ನೂ ಸೊರಗುತ್ತೆ. ಮೊದಲು ಅನ್ನ ಹೋಗ್ಬೇಕು. ಬುದ್ಧಿ ಹೇಳೋದೆಲ್ಲ ಆಮೇಲೆ."

ಮರಳಿ ತುಂಬುವುದೇ ಎಂದು ಕೇಳಿದ. ತೂಕ ಬಂದರೆ ಬಹಳಷ್ಟು ತುಂಬುತ್ತದೆ, ಪೂರ್ತಿಯೋ ಅಲ್ಲವೋ ತಿಳಿದವರೂ ಇನ್ನೂ ನೋಡುತ್ತಿದ್ದಾರೆ ಅಂದರು. ಹುಡುಗಿಯನ್ನು ಎರಡು ದಿನದಲ್ಲಿ ವಾರ್ಡಿಗೆ ತಂದು ಸೇರಿಸಲು ಹೇಳಿದರು. ಅಂದು ಸಂಜೆಯೇ ಅವನು ಫಿಲ್ಮ್ ಹಿಡಿದುಕೊಂಡು ಮನೆಗೆ ಬಂದು ವಚನದ ಗುಂಪನ್ನು ಎಬ್ಬಿಸಿದ್ದು.

ಮರುದಿನ ಅವನು ಫಿಲ್ಮನ್ನು ಕಾರ್ಖಾನೆಗೆ ಒಯ್ದ. ಯಾರಿಗಾದರೂ ತೋರಿಸದಿದ್ದರೆ ಎದೆ ಒಡೆಯುತ್ತಿತ್ತು. ಅಚ್ಚು ಹಾಕುವ ಹನುಮಂತಯ್ಯ ಅವನ ಹಳೆಯ ಗೆಳೆಯ, ಮಾಗಡಿ ಕಡೆಯವನು. ಇಬ್ಬರೂ ಪ್ಯಾಟರ್ನ್ ಶಾಪಿನ ಕಿಟಕಿಗೆ ಫಿಲ್ಮ್ ಒರಗಿಸಿ ನಿಂತರು. ಹನುಮಂತಯ್ಯ ಬೀಡಿ ಕಚ್ಚಿಕೊಂಡು ಬಹಳ ಹೊತ್ತು ನೋಡಿದ.

"ಅಲ್ಲ ಕಣಣ್ಣ, ಇದು ನಮ್ಮ ಪಂಪಿನ ಬಾಡಿ ಇದ್ದಂಗೇ ಐತಲ್ಲ. ಕೋರ್ ದಪ್ಪ ಆಗೈತೆ, ಗೋಡೆ ತೆಳ್ಳಗಾಗೈತೆ. ಅಷ್ಟೇಯ."

ಈರಣ್ಣ ಫಿಲ್ಮಿನ ಹತ್ತಿರಕ್ಕೆ ಬಗ್ಗಿದ. ಎರಕದ ಸಾಮಾನಿನೊಳಗೆ ಪೊಳ್ಳು ಬೇಕಾದರೆ ಮರಳಿನ ಉಂಡೆಯೊಂದನ್ನು ಕಟ್ಟಿ ಅಚ್ಚಿನ ನಡುವೆ ಇಡುತ್ತಾರೆ. ಅದು ಕೋರ್. ಕೋರ್ ದಪ್ಪವಾದಷ್ಟೂ ಸುತ್ತಲಿನ ಕಬ್ಬಿಣದ ಗೋಡೆ ತೆಳ್ಳಗೆ. ನಿನ್ನೆ ಡಾಕ್ಟರು ಹೇಳಿದ್ದು ಇದನ್ನೇ. ಅದು ನಿನ್ನೆ ಅವನಿಗೆ ಯಮನ ಓಲೆಯಂತೆ ಕೇಳಿಸಿತ್ತು. ಈಗ ಅದು ಅಳತೆಯಾಯಿತು. ಅಳತೆ ಎಂದಮೇಲೆ ಈರಣ್ಣ ಯಾರಿಗೂ ಹೆದರುವವನಲ್ಲ.

ಅವನು ಮೇಜಿನ ಡ್ರಾಯರಿನಿಂದ ಡಿವೈಡರ್ ತೆಗೆದ, ಎರಡು ಚೂಪು ಕಾಲಿನ ಉಕ್ಕಿನ ಕೈವಾರ. ಕಪ್ಪು ಪೊಳ್ಳು ಮುಂದುಗಡೆ ಎರಡು ಕೊಂಬುಗಳ ಹಾಗೆ ಕವಲೊಡೆದ ಕಡೆ ಎಷ್ಟಗಲವಿತ್ತೋ ಅಷ್ಟಕ್ಕೆ ಅದರ ಕಾಲು ಬಿಡಿಸಿ ಸ್ಕ್ರೂ ಬಿಗಿ ಮಾಡಿದ. ಆಮೇಲೆ ಅದೇ ಅಗಲದಿಂದ ತಲೆಬುರುಡೆಯ ಒಳಗಿನ ಅಂಚಿನಿಂದ ಇನ್ನೊಂದು ಅಂಚಿಗೆ ಕೈವಾರವನ್ನು ನಡೆಸಿದ. ಒಂದು, ಎರಡು, ಮೂರು. ಮೂರನೆಯ ಹೆಜ್ಜೆ ಆಚೆ ಎಲುಬಿನ ಮೇಲೆ ಬಿತ್ತು. ಮೂರೇ ಹೆಜ್ಜೆಗೆ ಮಗಳ ತಲೆ ಮುಗಿದುಹೋಯಿತು.

ಮಧ್ಯಾಹ್ನಕ್ಕೆ ರಜೆ ಬರೆದುಕೊಟ್ಟು, ಫಿಲ್ಮು ಡಿವೈಡರ್ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಿಟಿಎಸ್ ಬಸ್ಸು ಹಿಡಿದ. ಆಸ್ಪತ್ರೆಯಲ್ಲಿ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದ ಅಟೆಂಡರನ್ನು ಬದಿಗೆ ಸರಿಸಿ ಮಹಾಲಕ್ಷ್ಮಿಯವರ ಕೋಣೆಗೆ ನುಗ್ಗಿದ. ಸರಿಯಾದ ತಲೆಗೆ ಎಷ್ಟು ಹೆಜ್ಜೆ ಇರಬೇಕು, ಅಷ್ಟು ಹೇಳ್ರಿ ಅಂದ. ಡಾಕ್ಟರಿಗೆ ಮೊದಲು ತಿಳಿಯಲಿಲ್ಲ. ಅವನು ಅವರ ಮೇಜಿನ ಮೇಲೆಯೇ ಕೈವಾರ ನಡೆಸಿ ತೋರಿಸಿದಾಗ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಇದನ್ನ ಯಾರು ಹೇಳ್ಕೊಟ್ರು ನಿಮ್ಗೆ? ನಾವೂ ಹೀಗೇ ಅಳೆಯೋದು. ಪೊಳ್ಳಿನ ಅಗಲ, ತಲೆಯ ಅಗಲ, ಇದರಲ್ಲಿ ಅದು ಎಷ್ಟು ಪಾಲು ಅಂತ."

"ಯಾರೂ ಹೇಳಿಲ್ಲ. ನನ್ನ ಕೆಲಸಾನ ಇದು. ಎಷ್ಟು ಹೆಜ್ಜಿ?"

"ಈ ವಯಸ್ಸಿಗೆ ನಾಲ್ಕು. ಹೆಚ್ಚುಕಮ್ಮಿ ನಾಲ್ಕು. ಪೊಳ್ಳು ಸಣ್ಣದಾದಷ್ಟೂ ಹೆಜ್ಜೆ ಜಾಸ್ತಿ."

ನಾಲ್ಕು! ಒಂದೇ ಹೆಜ್ಜೆ ಕಡಿಮೆ. ಈರಣ್ಣನಿಗೆ ಆ ಒಂದು ಹೆಜ್ಜೆ ಆಸ್ಪತ್ರೆಯ ಬಾಗಿಲಿನಾಚೆಯೇ ಇದ್ದಷ್ಟು ಹತ್ತಿರ ಕಂಡಿತು. ಮುಂದಿನ ತಿಂಗಳೇ ಇನ್ನೊಂದು ಫಿಲ್ಮ್ ತೆಗೆಯಿರಿ ಎಂದು ಪಟ್ಟು ಹಿಡಿದ. ಆರು ತಿಂಗಳು ಅನ್ನ ಹೋಗಲಿ, ಆಮೇಲೆ ನಾನೇ ಕರೆದು ತೆಗೆಸುತ್ತೇನೆ, ನನಗೂ ನೋಡುವ ಆಸೆ ಇದೆ ಎಂದು ಅವರು ಮಾತು ಕೊಟ್ಟರು.

ಆ ಒಂದು ಹೆಜ್ಜೆ ಹೇಗಿತ್ತೆಂದು ಅವನಿಗೆ ಆಮೇಲೆ ಗೊತ್ತಾಯಿತು. ನೀಲಾ ಏಳು ವಾರ ವಾರ್ಡಿನಲ್ಲಿದ್ದಳು. ಮನೆಗೆ ಬಂದಮೇಲೆ ಹೊತ್ತುಹೊತ್ತಿಗೆ ಆರು ಸಲ ಉಣ್ಣಬೇಕು, ಪಕ್ಕದಲ್ಲಿ ಒಬ್ಬರು ಕೂತು ಜೊತೆಗೆ ಉಣ್ಣಬೇಕು ಎಂದು ಡಾಕ್ಟರ ಕಟ್ಟಪ್ಪಣೆ. ಈರಣ್ಣ ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡ. ಬೆಳಗಿನಿಂದ ಮಗಳ ಎದುರು ಕೂತು ಅವಳು ಒಂದು ತುತ್ತು ತಿಂದರೆ ತಾನೂ ಒಂದು ತುತ್ತು ತಿನ್ನುತ್ತಿದ್ದ. ಉಳಿದ ಹೊತ್ತಿಗೆ ಹನುಮಂತಯ್ಯನ ಹೆಂಡತಿ ಬಂದು ಕೂರುತ್ತಿದ್ದಳು. ಅರ್ಧ ರೊಟ್ಟಿಗೆ ಹುಡುಗಿ ಮುಕ್ಕಾಲು ಗಂಟೆ ಅಳುತ್ತಿದ್ದಳು. ಅಪ್ಪನನ್ನು ರಾಕ್ಷಸ ಅಂದಳು, ತಾಟು ಎಸೆದಳು. ಪ್ರಸಾದ ನೆಲಕ್ಕೆ ಬಿದ್ದರೆ ಪ್ರಾಣ ಹೋದಂತೆ ನೋಡುತ್ತಿದ್ದ ಮನೆಯಲ್ಲಿ ಗೋಡೆಗೆಲ್ಲ ಸಾರು ಹಾರಿತು. ಹಳೆಯ ಈರಣ್ಣನಾಗಿದ್ದರೆ ಕೈ ಎತ್ತುತ್ತಿದ್ದ. ಈಗ ಸಿಟ್ಟು ನೆತ್ತಿಗೇರಿದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಿ, ಕಟ್ಟಿಗೆಯ ತುಂಡೊಂದನ್ನು ಬಾಚಿಯಿಂದ ಚಕ್ಕೆಚಕ್ಕೆಯಾಗಿ ಕೆತ್ತಿ, ಬಂದು ಮತ್ತೆ ಕೂರುತ್ತಿದ್ದ. ಆ ಆರು ತಿಂಗಳಲ್ಲಿ ಎಷ್ಟು ಕಟ್ಟಿಗೆ ಚಕ್ಕೆಯಾಯಿತೋ ಶಿವನೇ ಬಲ್ಲ.

ಚನ್ನಬಸಮ್ಮ ಅಡುಗೆ ಬಿಡಲಿಲ್ಲ. ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು, ತುಪ್ಪ ಕಾಸಿದಳು. ಬಡಿಸಿ, ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ಅವಳ ಒಪ್ಪತ್ತು ಅವಳಿಗೆ ನಡೆದೇ ಇತ್ತು. ಅದೇ ಒಂದು ದಿನ ಈರಣ್ಣನಿಗೆ ಮುಳುವಾಯಿತು.

"ಅತ್ತಿ ಇಪ್ಪತ್ತೆರಡು ವರ್ಷದಿಂದ ಒಂದ ಹೊತ್ತು ಉಣತಾಳ," ಅಂದಳು ನೀಲಾ, ತಾಟು ದೂರ ತಳ್ಳಿ. "ಆಕಿಗೇನೂ ಆಗಿಲ್ಲ. ನಂಗಷ್ಟ ಯಾಕ ಆರು ಹೊತ್ತು?"

ಈರಣ್ಣ ಅತ್ತೆಯದು ಬೇರೆ, ನಿನ್ನದು ಬೇರೆ ಎಂದು ಏನೋ ಗೊಣಗಿದ. ಅಡುಗೆಮನೆಯ ಬಾಗಿಲಿನ ಹಿಂದೆ ಬಳೆಯಿಲ್ಲದ ಕೈಯೊಂದು ಚೌಕಟ್ಟು ಹಿಡಿದು ನಿಂತದ್ದು ಅವನಿಗೆ ಕಂಡಿತು. ಅಂದು ನೀಲಾ ಮತ್ತೆ ಉಣ್ಣಲಿಲ್ಲ, ಮರುದಿನವೂ ಅರ್ಧಕ್ಕೇ ಎದ್ದಳು. ಆ ವಾರ ತೂಕ ಇಳಿಯಿತು.

ನಾಲ್ಕನೆಯ ತಿಂಗಳು ಕಳೆದಮೇಲೆ ಗಾಳಿ ತಿರುಗಿತು. ಒಂದು ದಿನ ಬೆಳಿಗ್ಗೆಯೇ ಬಂದ ಹನುಮಂತಯ್ಯನ ಹೆಂಡತಿ, ತನ್ನ ಗಂಡ ಪೂಜೆಗೆ ಕೂತಾಗಲೂ ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡೇ ಇರುತ್ತಾನೆ ಎಂದು ದೂರುತ್ತಿದ್ದಾಗ ನೀಲಾ ನಕ್ಕುಬಿಟ್ಟಳು. ಈರಣ್ಣ ರೊಟ್ಟಿ ಮುರಿಯುತ್ತಿದ್ದವನು ಹಾಗೇ ಕೈ ನಿಲ್ಲಿಸಿದ. ಆ ನಗು ಕೇಳಿ ಎರಡು ವರ್ಷವಾಗಿತ್ತು. ಮತ್ತೊಂದು ದಿನ ಅವಳೇ ಹೇಳಿದಳು: ತಲೆಯೊಳಗೆ ಹಗಲಿಡೀ ಒಂದು ಹಿಟ್ಟಿನ ಗಿರಣಿ ಓಡುತ್ತಿತ್ತು, ಉಣ್ಣಬೇಡ ಉಣ್ಣಬೇಡ ಎಂದು ಅದೊಂದೇ ಸದ್ದು, ಈಗ ನಡುನಡುವೆ ಕರೆಂಟು ಹೋದ ಹಾಗೆ ನಿಲ್ಲುತ್ತದೆ, ಆಗ ಹೊರಗಿನ ಹಕ್ಕಿ ಕೇಳಿಸುತ್ತದೆ. ಈರಣ್ಣ ಆ ಮಾತನ್ನು ಕಾರ್ಖಾನೆಯಲ್ಲಿ ಹತ್ತು ಜನಕ್ಕೆ ಹೇಳಿದ.

ಆಶ್ವಯುಜದಲ್ಲಿ ಎರಡನೆಯ ಫಿಲ್ಮ್ ತೆಗೆದರು. ಒದ್ದೆ ಆರುವ ಮೊದಲೇ ಈರಣ್ಣ ಅದನ್ನು ಕಿತ್ತುಕೊಂಡಷ್ಟು ಅವಸರದಲ್ಲಿ ತೆಗೆದುಕೊಂಡು ಕಿಟಕಿಗೆ ಹಿಡಿದ. ಪೊಳ್ಳು ಸಣ್ಣದಾಗಿತ್ತು. ಬರಿಗಣ್ಣಿಗೇ ಕಾಣುವಷ್ಟು ಸಣ್ಣದಾಗಿತ್ತು. ಮಡಿಕೆಗಳ ನಡುವಿನ ಕಪ್ಪು ಗೆರೆಗಳು ಕೂಡಿಕೊಂಡಿದ್ದವು. ಫಿಲ್ಮನ್ನು ಕೈಯಿಂದ ಬಿಡಲೊಲ್ಲದೆ ಅವನು ಡಿವೈಡರನ್ನು ಮಹಾಲಕ್ಷ್ಮಿಯವರಿಗೆ ಕೊಟ್ಟ. ಅವರು ನಡೆಸಿದರು, ಅವನು ಎಣಿಸಿದ. ಒಂದು, ಎರಡು, ಮೂರು. ಮೂರನೆಯ ಹೆಜ್ಜೆ ಎಲುಬಿಗೆ ಮುಟ್ಟಲಿಲ್ಲ. ಆಚೆ ಇನ್ನೂ ಜಾಗ ಇತ್ತು. ನಾಲ್ಕನೆಯದು ಬುರುಡೆಯ ಅಂಚನ್ನು ಒಂದಿಷ್ಟು ದಾಟಿ ಕೂತಿತು.

"ನಾಲ್ಕಕ್ಕೆ ಕೂದಲೆಳೆ ಕಮ್ಮಿ," ಅಂದರು ಡಾಕ್ಟರು. ಅವರ ದನಿಯೂ ಏರಿತ್ತು. "ಇನ್ನೂ ಸ್ವಲ್ಪ ಉಳಿದಿದೆ. ಅದು ತುಂಬುತ್ತೋ ಇಲ್ವೋ ನಂಗೊತ್ತಿಲ್ಲ. ಕಾಯಿಲೆ ಮುಗೀತು ಅಂತ ತಿಳ್ಕೋಬೇಡಿ, ಒಂದು ಹೊತ್ತು ಬಿಟ್ರೂ ಮತ್ತೆ ಹಿಡ್ಕೊಳ್ಳುತ್ತೆ. ಆದ್ರೆ ಇದನ್ನ ಮಾಡಿದ್ದು ಅನ್ನ. ನಾನಲ್ಲ."

ಕುಗ್ಗಿದ್ದು ಹಿಗ್ಗಿತ್ತು. ಕಬ್ಬಿಣದಲ್ಲಿ ಆಗದ್ದು ಮಗಳ ತಲೆಯಲ್ಲಿ ಆಗಿತ್ತು. ವಾಪಸು ಬರುವ ಬಸ್ಸಿನಲ್ಲಿ ಈರಣ್ಣ ಎರಡೂ ಫಿಲ್ಮುಗಳನ್ನು ಕಿಟಕಿಗೆ ಹಿಡಿದು, ಪಕ್ಕದಲ್ಲಿ ಕೂತ ಗುರುತಿಲ್ಲದವನಿಗೆ ಯಶವಂತಪುರದಿಂದ ಜಾಲಹಳ್ಳಿ ಕ್ರಾಸಿನವರೆಗೆ ಕೋರು, ಗೋಡೆ, ಹೆಜ್ಜೆ ಎಲ್ಲವನ್ನೂ ವಿವರಿಸಿದ. ಕಂಡಕ್ಟರೂ ಬಗ್ಗಿ ನೋಡಿ, ಸಕ್ಕತ್ತಾಗಿದೆ ಸಾರ್ ಅಂದ. ನೀಲಾ ನಾಚಿಕೆಯಿಂದ ಕಾಲೇಜಿನ ಪುಸ್ತಕವನ್ನು ಮುಖಕ್ಕೆ ಹಿಡಿದಿದ್ದಳು. ಅದರ ಹಿಂದೆ ನಗುತ್ತಿದ್ದಳು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಚನ್ನಬಸಮ್ಮ ತನ್ನ ಒಂದೇ ಹೊತ್ತಿನ ಊಟ ಮುಗಿಸಿ ಅಡುಗೆಮನೆಯಲ್ಲಿ ಕೂತಿದ್ದಳು. ಈರಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ, ಹಿತ್ತಲ ಬಾಗಿಲಿನ ಬೆಳಕಿಗೆ ಫಿಲ್ಮುಗಳನ್ನು ಹಿಡಿದ. ಆರು ತಿಂಗಳು ಮುಖ ತಿರುಗಿಸಿಕೊಂಡಿದ್ದ ಅಕ್ಕ ಎದ್ದು ಬಂದಳು. ಹಳೆಯದನ್ನೂ ಹೊಸದನ್ನೂ ತನ್ನ ಕೈಗೆ ತೆಗೆದುಕೊಂಡು ನೋಡಿದಳು. ನೀಲಾಳ ತಲೆ ಸವರಿದಳು. ಅವಳ ಕಣ್ಣು ತುಂಬಿತ್ತು.

"ಇದು ತುಂಬಿದ್ದು ಬರೇ ಅನ್ನದಿಂದೇನು?" ಎಂದು ಮೆಲ್ಲಗೆ ಕೇಳಿದಳು.

"ಬರೇ ಅನ್ನದಿಂದ. ಮಂತ್ರ ಇಲ್ಲ, ಮಾಟ ಇಲ್ಲ." ಈರಣ್ಣನಿಗೆ ಖುಷಿ ತಲೆಗೇರಿತ್ತು. ನಾಲಿಗೆ ಅವನಿಗಿಂತ ಮುಂದೆ ಓಡಿತು. "ನಿನ್ನದೂ ಒಂದು ಫಿಲ್ಮು ತಗಸೂಣು ನಡಿ ಅಕ್ಕ. ಇಪ್ಪತ್ತೆರಡು ವರ್ಷದ ಒಪ್ಪತ್ತು. ನಿನ್ನ ತಲ್ಯಾಗ ಕೋರ್ ಎಷ್ಟು ದಪ್ಪ ಐತೋ ಏನೋ. ಎರಡ ಹೆಜ್ಜಿಗೆ ಮುಗದ್ರೂ ಮುಗೀತು."

ನೀಲಾ ಕಿಸಕ್ಕೆಂದು ನಕ್ಕಳು. ತಕ್ಷಣ ಬಾಯಿ ಮುಚ್ಚಿಕೊಂಡಳು.

"ಅಂದ್ರ ನಂದೂ ಬರೇ ಹಸಿವು ಅಂತೀ," ಅಂದಳು ಚನ್ನಬಸಮ್ಮ.

ಅಲ್ಲ ಅನ್ನಬಹುದಿತ್ತು. ಚೇಷ್ಟೆಗೆ ಅಂದೆ ಅಕ್ಕ ಎಂದು ಕಾಲು ಹಿಡಿಯಬಹುದಿತ್ತು. ಈರಣ್ಣ ಸುಳ್ಳು ಹೇಳಿ ಗೊತ್ತಿಲ್ಲದವನು.

"ಮತ್ತೇನು?" ಅಂದ.

ಚನ್ನಬಸಮ್ಮ ಫಿಲ್ಮುಗಳನ್ನು ಅವನ ಕೈಗೆ ಕೊಟ್ಟಳು. ಒಲೆಯ ಮೇಲಿನ ಹಾಲು ಕೆಳಗಿಳಿಸಿದಳು. ತಲೆಯ ಮೇಲೆ ಸೆರಗು ಹೊದ್ದುಕೊಂಡು, ಚಪ್ಪಲಿ ಮೆಟ್ಟಿ, ಏನೂ ಹಿಡಿದುಕೊಳ್ಳದೆ ಹೊರಟಳು. ದೇವಕ್ಕನ ಮನೆಗೆ ಹೋಗಿರಬೇಕು, ಸಿಟ್ಟು ಇಳಿದರೆ ಬರುತ್ತಾಳೆ ಎಂದು ಈರಣ್ಣ ಫಿಲ್ಮುಗಳನ್ನು ಗೋಡೆಗೆ ಒರಗಿಸಿದ. ನೀಲಾ ಬಾಗಿಲಿಗೆ ಹೋಗಿ ಇಣುಕಿದಳು.

"ಅತ್ತಿ ದೇವಕ್ಕನ ಮನಿ ದಾಟಿದ್ಲು ಅಪ್ಪಾ. ಬಸ್ ಸ್ಟ್ಯಾಂಡ್ ಕಡೆ ಹೊಂಟಾಳ."

ಅವನು ಓಡಿದ. ಎಂಟನೆಯ ಮೈಲಿಯವರೆಗೆ ಹೆದ್ದಾರಿಯ ಬದಿಯಲ್ಲಿ ಓಡಿದ. ಲಾರಿಗಳು, ತುಮಕೂರಿನ ಬಸ್ಸುಗಳು, ಪಾಳಿ ಮುಗಿಸಿ ಬರುತ್ತಿದ್ದ ಜನ. ಬಿಳಿಯ ಸೆರಗು ಎಲ್ಲೂ ಕಾಣಲಿಲ್ಲ. ಬೆವರಿ ಮನೆಗೆ ಬಂದಾಗ ನಾಲ್ಕು ಗಂಟೆ. ನೀಲಾಳ ಊಟದ ಹೊತ್ತು ಮೀರಿತ್ತು. ಅವಳು ತಾನೇ ಬಡಿಸಿಕೊಂಡ ತಾಟಿನ ಮುಂದೆ ಕೈ ಕಟ್ಟಿ ಕೂತಿದ್ದಳು. ಒಂದು ಹೊತ್ತು ಬಿಟ್ರೂ ಮತ್ತೆ ಹಿಡ್ಕೊಳ್ಳುತ್ತೆ ಎಂದು ಡಾಕ್ಟರು ಹೇಳಿದ್ದು ಬೆಳಿಗ್ಗೆಯಷ್ಟೇ.

"ಅತ್ತಿ ಬರೂತನಕಾ ಉಣಬಾರ್ದು ಅನಸ್ತು," ಅಂದಳು ನೀಲಾ. ಬಾಗಿಲನ್ನೇ ನೋಡುತ್ತಿದ್ದಳು. "ಹಂಗ ಅನಸಿದ ಕೂಡ್ಲೆ ಗಿರಣಿ ಸುರು ಆತು ಅಪ್ಪಾ. ಬ್ಯಾಡ. ಕುಂದ್ರು, ನೀನೂ ತಗೋ."

ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟಳು. ಈರಣ್ಣ ಎದುರು ಕೂತ. ಅವಳು ಒಂದು ತಿಂದರೆ ಒಂದು ತಿಂದ. ಇಬ್ಬರೂ ಬಾಗಿಲು ನೋಡುತ್ತ ಉಂಡರು. ಬೀದಿಯಲ್ಲಿ ಯಾರ ಚಪ್ಪಲಿಯ ಸದ್ದಾದರೂ ಇಬ್ಬರ ಕೈಯೂ ನಿಲ್ಲುತ್ತಿತ್ತು. ಚನ್ನಬಸಮ್ಮ ಅಂದು ಬರಲಿಲ್ಲ. ಆಮೇಲೆಯೂ ಬರಲಿಲ್ಲ.